ಕನ್ನಡ ಪುಸ್ತಕಗಳ ಸೂಚೀಕರಣವನ್ನು ಕೂಡಿ ಮಾಡುವ ಬಗೆ: ಮುಂಬಯಿ, ಪುಣೆ, ಗೋವಾಗಳ ಗ್ರಂಥಾಲಯಗಳಿಗೊಂದು ಕೈಪಿಡಿ

ಮುಂಬಯಿಯ ಕಾಲೇಜೊಂದರ ಗ್ರಂಥಾಲಯಕ್ಕೆ ಬಂದ ಕನ್ನಡ ಪುಸ್ತಕದ ಮೇಲೆ ಆಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆ ಸಂಖ್ಯೆ) ಬೀಳಲು ಒಂದು ದಿನ ಸಾಕು. ಅದೇ ಪುಸ್ತಕ ಸೂಚಿಯಲ್ಲಿ (ಕ್ಯಾಟಲಾಗಿನಲ್ಲಿ) ಕಾಣಿಸಿಕೊಳ್ಳಲು ವರ್ಷಗಳೇ ಹಿಡಿದರೂ ಯಾರೂ ಅಚ್ಚರಿಪಡುವುದಿಲ್ಲ. ತಾಂತ್ರಿಕ ವಿಭಾಗದ ಸಿಬ್ಬಂದಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಚೆನ್ನಾಗಿ ಬರುತ್ತವೆ, ಕನ್ನಡ ಲಿಪಿ ಬರುವುದಿಲ್ಲ. ಹೀಗಾಗಿ ದಾನವಾಗಿ ಬಂದ ಪೆಟ್ಟಿಗೆಗಳು ‘ಇತರ ಭಾಷೆಗಳು’ ಎಂದು ಬರೆದ ಕಪಾಟಿನ ಪಾಲಾಗುತ್ತವೆ. ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ. ಕನ್ನಡ ಓದಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೆ ಓದಬಲ್ಲವರು ಒಂದು ಕಡೆ, ಸೂಚೀಕರಣದ ನಿಯಮ ಬಲ್ಲವರು ಇನ್ನೊಂದು ಕಡೆ, ಪುಸ್ತಕಗಳು ಮತ್ತೊಂದು ಕಡೆ ಇರುವುದರಿಂದ ಕೆಲಸ ನಿಂತುಹೋಗಿದೆ. ಮೂರು ನಾಲ್ಕು ಗ್ರಂಥಾಲಯಗಳು ಸೇರಿ ಈ ಕೆಲಸವನ್ನು ಹೇಗೆ ನಡೆಸಿಕೊಂಡು ಹೋಗಬಹುದೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಎಷ್ಟರಮಟ್ಟಿಗೆ ಸೇರಬೇಕು

ಸಹಕಾರದ ಮಾತು ಬಂದ ಕೂಡಲೇ ಸಭೆಗಳಲ್ಲಿ ಎಲ್ಲರೂ ಒಂದೇ ಸಾಫ್ಟ್‌ವೇರಿಗೆ ಬರಬೇಕೆಂಬ ಸಲಹೆ ಏಳುತ್ತದೆ, ಯೋಜನೆ ಅಲ್ಲಿಗೇ ಮುಗ್ಗರಿಸುತ್ತದೆ. ಒಂದು ಕಡೆ ಕೋಹಾ, ಇನ್ನೊಂದು ಕಡೆ ವಿಶ್ವವಿದ್ಯಾಲಯ ಗ್ರಂಥಾಲಯಗಳ ರಾಷ್ಟ್ರೀಯ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಸೋಲ್, ಮತ್ತೊಂದು ಕಡೆ ಪುಣೆಯಲ್ಲೇ ತಯಾರಾದ ಸ್ಲಿಮ್ ಇರುವುದು ಈ ಭಾಗದಲ್ಲಿ ಸಾಮಾನ್ಯ, ಅದು ಹಾಗೆಯೇ ಇರಲಿ. ರೆಕಾರ್ಡುಗಳು, ಅಂದರೆ ಪುಸ್ತಕಗಳ ವಿವರದ ನಮೂದುಗಳು, ಮಾರ್ಕ್ 21 ರೂಪದಲ್ಲಿ (ಪ್ರತಿ ವಿವರವನ್ನು ಸಂಖ್ಯೆ ಹೊತ್ತ ಒಂದೊಂದು ಫೀಲ್ಡಿನಲ್ಲಿ ಬರೆಯುವ ಗ್ರಂಥಾಲಯಗಳ ಸಾಮಾನ್ಯ ರೂಪ) ಹೊರಬರುವಂತಿದ್ದರೆ, ಒಳಗೆ ಸೇರುವಂತಿದ್ದರೆ ಸಾಕು. 1990ರ ದಶಕದಲ್ಲಿ ಕೇಂದ್ರ ಸರ್ಕಾರದ ನಿಸ್ಸಾಟ್ ಯೋಜನೆಯ ನೆರವಿನಿಂದ ಮುಂಬಯಿಯಲ್ಲಿ ಬೋನೆಟ್, ಪುಣೆಯಲ್ಲಿ ಪುಣೆನೆಟ್ ಎಂಬ ಗ್ರಂಥಾಲಯ ಜಾಲಗಳು ಹುಟ್ಟಿದ್ದವು. ಅಂದು ಜಾಲ ಕಟ್ಟುವುದೇ ದೊಡ್ಡ ಸಾಹಸವಾಗಿತ್ತು. ಇಂದು ಮಿಂಚಂಚೆಯಲ್ಲಿ ಒಂದು ಕಡತ ಕಳಿಸಿದರೆ ಆ ಭಾಗ ಮುಗಿಯಿತು.

ಅಮೆರಿಕದ ಕೊಲಂಬಿಯಾ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು 2009ರಲ್ಲಿ ‘ಟೂಕಲ್’ ಎಂಬ ಪಾಲುದಾರಿಕೆ ಆರಂಭಿಸಿ, ಮುಂದೆ ತಮ್ಮ ತಾಂತ್ರಿಕ ಸೇವಾ ವಿಭಾಗಗಳನ್ನು ಪೂರ್ತಿಯಾಗಿ ಒಂದುಗೂಡಿಸಲು ಹೊರಟಿದ್ದವು. ಎರಡು ಸಂಸ್ಥೆಗಳ ಆಡಳಿತ, ಹಣಕಾಸು, ವ್ಯವಸ್ಥೆ ಎಲ್ಲ ಬೇರೆ ಬೇರೆಯಾಗಿದ್ದುದರಿಂದ ಪೂರ್ಣ ವಿಲೀನದ ಗುರಿಯನ್ನು ಅವು ಕೈಬಿಡಬೇಕಾಯಿತು. ಹಣವೂ ಜನಬಲವೂ ಇದ್ದ ಆ ಎರಡು ಸಂಸ್ಥೆಗಳಿಗೇ ಅದು ಸಾಧ್ಯವಾಗದಿದ್ದಾಗ, ಮುಂಬಯಿ ವಿಶ್ವವಿದ್ಯಾಲಯ, ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ ಮತ್ತು ಗೋವಾ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳ ನಡುವೆ ಸಿಬ್ಬಂದಿಯನ್ನೋ ಬಜೆಟ್ಟನ್ನೋ ಒಂದು ಮಾಡುವ ಕನಸು ಕಾಣುವುದು ವ್ಯರ್ಥ. ಭಾಷಾಜ್ಞಾನವೊಂದನ್ನೇ ಹಂಚಿಕೊಳ್ಳುವುದಾದರೆ ಯಾರ ಅಧಿಕಾರಕ್ಕೂ ಧಕ್ಕೆಯಿಲ್ಲ. ಕನ್ನಡ ಬಲ್ಲ ಗ್ರಂಥಾಲಯ ಕನ್ನಡ ರೆಕಾರ್ಡುಗಳನ್ನು ಮಾಡಿಕೊಡಲಿ. ಬದಲಿಗೆ ಪುಣೆಯವರು ಮೋಡಿ ಲಿಪಿಯ ಮತ್ತು ಹಳೆಯ ಮರಾಠಿಯ ಪುಸ್ತಕಗಳನ್ನು, ಗೋವಾದವರು ಕೊಂಕಣಿ ಮತ್ತು ಪೋರ್ಚುಗೀಸ್ ಪುಸ್ತಕಗಳನ್ನು ನೋಡಿಕೊಡಲಿ. ಲೆಕ್ಕ ರೆಕಾರ್ಡಿಗೆ ರೆಕಾರ್ಡು. ನಡುವೆ ದುಡ್ಡು ಬಂದರೆ ಹಣಕಾಸು ವಿಭಾಗದ ಕಡತದಲ್ಲಿ ಸಿಕ್ಕಿಕೊಂಡು ಒಂದು ಶೈಕ್ಷಣಿಕ ವರ್ಷ ಹೋಗುತ್ತದೆ.

ಒಡಂಬಡಿಕೆಯ ಪತ್ರ ಎರಡು ಪುಟ ಮೀರದಿದ್ದರೆ ಒಳ್ಳೆಯದು. ಯಾವ ಭಾಷೆಯ ಪುಸ್ತಕಗಳಿಗೆ ಯಾರು ಹೊಣೆ, ಎಷ್ಟು ದಿನಗಳಲ್ಲಿ ರೆಕಾರ್ಡು ಹಿಂದಿರುಗಬೇಕು, ತಿದ್ದುಪಡಿಯ ಅಧಿಕಾರ ಯಾರದು, ತಯಾರಾದ ರೆಕಾರ್ಡನ್ನು ಎಲ್ಲರೂ ಮುಕ್ತವಾಗಿ ಬಳಸಬಹುದೇ ಎಂಬ ನಾಲ್ಕು ಸಂಗತಿಗಳನ್ನು ಅದರಲ್ಲಿ ಬರೆಯಬೇಕು. ಪ್ರಾಂಶುಪಾಲರ ಸಹಿ ಪಡೆಯುವುದು ಕಷ್ಟವೆಂದು ಹಲವರು ಹಿಂಜರಿಯುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ವರದಿಗಳಲ್ಲಿ ಚಾಲ್ತಿಯಲ್ಲಿರುವ ಒಡಂಬಡಿಕೆಗಳನ್ನು ಕೇಳುವುದರಿಂದ ಈ ಸಹಿ ಊಹಿಸಿದ್ದಕ್ಕಿಂತ ಬೇಗ ಸಿಗುತ್ತದೆ.

ಪುಸ್ತಕ ಕಳಿಸಬೇಡಿ, ಪುಟಗಳ ಚಿತ್ರ ಕಳಿಸಿ

ಪುಸ್ತಕಗಳನ್ನು ಚರ್ಚ್‌ಗೇಟಿನಿಂದ ಕಲಿನಾಕ್ಕೋ ಪುಣೆಯಿಂದ ಮುಂಬಯಿಗೋ ಸಾಗಿಸುವ ಅಗತ್ಯವಿಲ್ಲ. ಪ್ರತಿ ಪುಸ್ತಕದ ಐದು ಚಿತ್ರಗಳು ಸಾಕು: ರಕ್ಷಾಪುಟ, ಶೀರ್ಷಿಕೆ ಪುಟ, ಅದರ ಹಿಂಬದಿ, ಪರಿವಿಡಿ ಮತ್ತು ಪುಟಸಂಖ್ಯೆ ಕಾಣುವ ಕೊನೆಯ ಪುಟ. ಮುನ್ನುಡಿಯಲ್ಲಿ ಇದು ಯಾವ ಮುದ್ರಣ, ಮೂಲ ಯಾವ ಭಾಷೆಯದು ಎಂಬ ವಿವರವಿದ್ದರೆ ಆರನೆಯದೊಂದು ಚಿತ್ರ. ಚಿತ್ರದ ಕಡತಕ್ಕೆ ಆಕ್ಸೆಷನ್ ನಂಬರನ್ನೇ ಹೆಸರಾಗಿ ಕೊಟ್ಟರೆ ಮುಂದೆ ಗೊಂದಲವಾಗದು. ಈ ಕೆಲಸಕ್ಕೆ ವಿದ್ಯಾರ್ಥಿಗಳು ಸಾಕು. ಪುಣೆಯಲ್ಲಿ ‘ಕಮವಾ ಆಣಿ ಶಿಕಾ’ ಯೋಜನೆಯಡಿ ಗ್ರಂಥಾಲಯದಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಕನ್ನಡ ಬಾರದಿದ್ದರೂ ಚಿತ್ರ ತೆಗೆಯಲು ಅಡ್ಡಿಯಿಲ್ಲ.

ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯನ್ನು ಗಮನವಿಟ್ಟು ನೋಡಬೇಕು. ನಮ್ಮ ಪ್ರಕಾಶಕರು ಅಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಅಚ್ಚು ಮಾಡುವ ರೂಢಿಯಿದೆ: ಶೀರ್ಷಿಕೆ, ಲೇಖಕರು, ಪ್ರಕಾಶಕರ ವಿಳಾಸ, ಪುಟಗಳು, ಬೆಲೆ, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೊ, ಆಕಾರ ಡೆಮಿ 1/8 ಎಂಬಲ್ಲಿಯವರೆಗೆ. ಕನ್ನಡ ಬಾರದ ಸಿಬ್ಬಂದಿ ಈ ಪ್ಯಾರಾವನ್ನೇ ನಕಲು ಮಾಡಿ ರೆಕಾರ್ಡು ಮುಗಿಸಿಬಿಡುತ್ತಾರೆ. ಆದರೆ ಅಲ್ಲಿನ ರೋಮನ್ ಬರಹ ಪ್ರಕಾಶಕರು ಬಾಯಿಗೆ ಬಂದಂತೆ ಬರೆದದ್ದು. ‘ಳ’ಕ್ಕೂ ‘ಲ’ಕ್ಕೂ, ಹ್ರಸ್ವಕ್ಕೂ ದೀರ್ಘಕ್ಕೂ ಅದರಲ್ಲಿ ಭೇದವಿರುವುದಿಲ್ಲ. ಅದನ್ನು ಮುಖ್ಯ ಶೀರ್ಷಿಕೆಯಾಗಿ ತೆಗೆದುಕೊಳ್ಳಬಾರದು, ಹಾಗೆಂದು ಬಿಸಾಡಲೂ ಬಾರದು. ಓದುಗರು ಗೂಗಲ್‌ನಲ್ಲಿ ಹುಡುಕುವುದು ಇಂಥದೇ ಕಾಗುಣಿತದಲ್ಲಿ. ಆದ್ದರಿಂದ ಅದು 246ನೆಯ ಫೀಲ್ಡಿನಲ್ಲಿ ಪರ್ಯಾಯ ಶೀರ್ಷಿಕೆಯಾಗಿ ಇರಲಿ.

ಹೊಸದಾಗಿ ರೆಕಾರ್ಡು ಬರೆಯುವ ಮುನ್ನ ಬೇರೆಲ್ಲಾದರೂ ಸಿದ್ಧ ರೆಕಾರ್ಡು ಇದೆಯೇ ಎಂದು ಹುಡುಕಬೇಕು. ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ (ಹಲವು ವಿಶ್ವವಿದ್ಯಾಲಯ ಗ್ರಂಥಾಲಯಗಳ ಕೂಡುಸೂಚಿ) ಒಂದು ಆಕರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸೂಚಿ ಇನ್ನೊಂದು. ಆ ಗ್ರಂಥಾಲಯದ ದೆಹಲಿ ಕಚೇರಿ 1962ರಿಂದಲೂ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಸೂಚೀಕರಿಸುತ್ತ ಬಂದಿರುವುದರಿಂದ ಅಲ್ಲಿ ಕನ್ನಡದ ರೆಕಾರ್ಡುಗಳು ಹೇರಳವಾಗಿ ಸಿಗುತ್ತವೆ. ಹಿಂದಿನ ಮಾರ್ಕ್ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ಭಾರತೀಯ ಲಿಪಿಗಳಿಗೆ ಜಾಗವಿರದ ಕಾರಣ ಅವುಗಳಲ್ಲಿ ಹೆಚ್ಚಿನವು ರೋಮನ್ ಲಿಪ್ಯಂತರದಲ್ಲಿ ಮಾತ್ರ ಇವೆ. ಅಂಥ ರೆಕಾರ್ಡನ್ನು ಇಳಿಸಿಕೊಂಡು ಕನ್ನಡ ಲಿಪಿಯ ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಸೇರಿಸುವುದೆಂದರೆ ಅರ್ಧಕ್ಕಿಂತ ಹೆಚ್ಚು ಶ್ರಮ ಉಳಿದಂತೆ.

ಕನ್ನಡ ಲಿಪಿ ಮುಖ್ಯ ಫೀಲ್ಡಿನಲ್ಲಿರಬೇಕೇ ಅಥವಾ ಬೇರೆ ಲಿಪಿಯ ರೂಪಕ್ಕೆಂದಿರುವ 880ರಲ್ಲಿರಬೇಕೇ ಎಂಬ ಚರ್ಚೆ ಬೇಗ ಮುಗಿಯುವಂಥದಲ್ಲ. ನನ್ನ ಅಭಿಪ್ರಾಯದಲ್ಲಿ ಕನ್ನಡ ಪುಸ್ತಕದ 245ರಲ್ಲಿ (ಶೀರ್ಷಿಕೆಯ ಫೀಲ್ಡಿನಲ್ಲಿ) ಕನ್ನಡವೇ ಇರಬೇಕು, ನಿಯಮಬದ್ಧ ರೋಮನ್ ರೂಪ 880ರಲ್ಲಿ ಜೋಡಣೆಯಾಗಿರಬೇಕು. ರೋಮನ್ ರೂಪವನ್ನು ಪೂರ್ತಿ ಬಿಟ್ಟುಬಿಡಬೇಕೆನ್ನುವವರು ಕೌಂಟರಿನಲ್ಲಿ ಕೂತು ನೋಡಬೇಕು: ಪುಸ್ತಕ ಕೊಡುವ ಮರಾಠಿ ನೌಕರ ಪರದೆಯಲ್ಲಿ ಕಾಣುವ ಶೀರ್ಷಿಕೆಗೂ ಕೈಯಲ್ಲಿರುವ ಪುಸ್ತಕಕ್ಕೂ ತಾಳೆ ನೋಡಲು ಅವನಿಗೆ ಓದಲು ಬರುವ ಲಿಪಿಯೊಂದು ಬೇಕು.

ಲೇಖಕರ ಹೆಸರುಗಳು

ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಸಮಯ ಬೇಡುವುದು ಇದೇ. ಮಹಾರಾಷ್ಟ್ರದಲ್ಲಿ ಹೆಸರೆಂದರೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಕೊನೆಯ ಪದವನ್ನು ಮುಂದಕ್ಕೆ ತಂದರೆ ಸೂಚಿಯ ನಮೂದು ಸಿದ್ಧ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಈ ಕ್ರಮ ಸರಿಯಾಗಿ ಹೊಂದುತ್ತದೆ. ಆದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಹೆಸರಿನಲ್ಲಿ ಮೊದಲನೆಯದು ಊರು, ನಡುವಿನದು ಸ್ವಂತ ಹೆಸರು, ಕೊನೆಯದು ಜಾತಿಸೂಚಕ. ಮರಾಠಿ ರೂಢಿಯಂತೆ ನಮೂದಿಸಿದರೆ ಅವರು ‘ಅಯ್ಯಂಗಾರ್, ಮಾಸ್ತಿ ವೆಂಕಟೇಶ’ ಎಂದಾಗುತ್ತಾರೆ. ಇನ್ನೊಂದು ಗ್ರಂಥಾಲಯದಲ್ಲಿ ‘ವೆಂಕಟೇಶ ಅಯ್ಯಂಗಾರ್, ಮಾಸ್ತಿ’. ಮೂರನೆಯ ಕಡೆ ‘ಮಾಸ್ತಿ’ ಮಾತ್ರ. ಕಥೆಗಳ ಶೀರ್ಷಿಕೆ ಪುಟದಲ್ಲಿದ್ದ ‘ಶ್ರೀನಿವಾಸ’ ಎಂಬ ಕಾವ್ಯನಾಮವನ್ನು ಹಾಗೆಯೇ ಎತ್ತಿಕೊಂಡಲ್ಲಿ ನಾಲ್ಕನೆಯ ಲೇಖಕರೊಬ್ಬರು ಹುಟ್ಟುತ್ತಾರೆ. ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆ ಪ್ರತ್ಯೇಕ ಸೂಚನೆಯಿದೆ: ಅಡ್ಡಹೆಸರಿಲ್ಲದ ಹೆಸರನ್ನು ಸ್ವಂತ ಹೆಸರಿನಿಂದ ಆರಂಭಿಸಬೇಕು, ಊರು ಮತ್ತು ತಂದೆಯ ಹೆಸರು ಹಿಂದಕ್ಕೆ ಹೋಗಬೇಕು. ಹಾಗಾಗಿ ‘ವೆಂಕಟೇಶ ಅಯ್ಯಂಗಾರ್, ಮಾಸ್ತಿ, 1891–1986’ ಎಂಬುದು ಅಧಿಕೃತ ರೂಪವಾಗಿ, ಉಳಿದವೆಲ್ಲ ಅದರತ್ತ ಕಳಿಸುವ ‘ನೋಡಿ’ ನಮೂದುಗಳಾಗಿ ಉಳಿಯುತ್ತವೆ. ಓದುಗ ‘ಮಾಸ್ತಿ’ ಎಂದು ಟೈಪಿಸಿದರೂ ಪುಸ್ತಕಗಳೆಲ್ಲ ಸಿಗಬೇಕು. ಅಧಿಕೃತ ರೂಪ ಯಾವುದೆಂಬುದು ಅವನ ತಲೆನೋವಲ್ಲ.

ಕಾವ್ಯನಾಮಗಳಲ್ಲೂ ಒಂದೇ ನ್ಯಾಯ ಎಲ್ಲರಿಗೂ ಸಲ್ಲುವುದಿಲ್ಲ. ಕುವೆಂಪು ಅವರನ್ನು ಯಾರೂ ಪುಟ್ಟಪ್ಪ ಎಂದು ಹುಡುಕುವುದಿಲ್ಲ, ಕಾವ್ಯನಾಮವೇ ಅವರಿಗೆ ಅಧಿಕೃತವಾಗಿರಲಿ. ಬೇಂದ್ರೆಯವರ ಸಂಗತಿ ತಿರುಗುಮುರುಗು: ‘ಅಂಬಿಕಾತನಯದತ್ತ’ ಎಂಬುದು ‘ನೋಡಿ’ ನಮೂದಾಗಲಿ. ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದವರು, ಮರಾಠಿಯಲ್ಲೂ ಬರೆದವರು. ಆದ್ದರಿಂದ ಪುಣೆಯ ಸೂಚಿಗಳಲ್ಲಿ ಅವರ ಹೆಸರು ದೇವನಾಗರಿಯಲ್ಲೂ ಇರಬಹುದಾದುದು ಸಹಜ. ಎರಡು ಲಿಪಿಗಳ ಎರಡು ಬೇಂದ್ರೆಯವರು ಒಬ್ಬರೇ ಎಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಹೆಸರುಗಳ ಪಟ್ಟಿಯನ್ನು ಕನ್ನಡ ಬಲ್ಲವರೊಬ್ಬರೂ ಮರಾಠಿ ಬಲ್ಲವರೊಬ್ಬರೂ ಒಟ್ಟಿಗೆ ಕೂತು ತಯಾರಿಸಬೇಕೆನ್ನುವುದು. ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಆದ ಅನುವಾದಗಳು ಈ ಭಾಗದ ಸಂಗ್ರಹಗಳಲ್ಲಿ ಧಾರಾಳವಾಗಿವೆ. ಅವುಗಳ 041ನೆಯ ಫೀಲ್ಡಿನಲ್ಲಿ ಮೂಲಭಾಷೆಯ ಸಂಕೇತವನ್ನು ತುಂಬುವುದಕ್ಕೂ, ಮೂಲ ಲೇಖಕರ ಹೆಸರನ್ನು ಅವರ ಭಾಷೆಯ ರೂಢಿಯಂತೆ ನಿಲ್ಲಿಸುವುದಕ್ಕೂ ಇಬ್ಬರೂ ಬೇಕು.

ಶೀರ್ಷಿಕೆ ಪುಟದ ‘ಶ್ರೀ’, ‘ಡಾ.’, ‘ಪ್ರೊ.’ಗಳನ್ನು ನಮೂದಿನಿಂದ ಬಿಡಬೇಕು. ಪಟ್ಟಿ ಐವತ್ತು ಹೆಸರುಗಳಿಂದ ಆರಂಭವಾದರೂ ಸಾಕು, ಸಂಗ್ರಹದಲ್ಲಿ ಪದೇ ಪದೇ ಬರುವ ಲೇಖಕರು ಅದರೊಳಗೆ ಬಂದುಬಿಡುತ್ತಾರೆ. ವಿದ್ಯಾರ್ಥಿಗಳು ಟೈಪಿಸಲಿ, ಚಿತ್ರ ತೆಗೆಯಲಿ, ಆದರೆ ಹೆಸರಿನ ತೀರ್ಮಾನ ಒಬ್ಬ ಹೊಣೆಗಾರ ಗ್ರಂಥಪಾಲಕರದಾಗಿರಬೇಕು.

ಅಕ್ಷರಗಳ ಒಳಗಿನ ತೊಂದರೆ

ಹಳೆಯ ರೆಕಾರ್ಡುಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿದ್ದರೆ ಬೇರೆ ಗ್ರಂಥಾಲಯದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ, ಆಮೇಲಷ್ಟೇ ಹಂಚಬೇಕು. ಯೂನಿಕೋಡಿನಲ್ಲೂ ಕಾಣದ ಗುಂಡಿಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ಗಳ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಸೇರಿರುತ್ತದೆ, ಅದು ಇಲ್ಲದೆ ಹುಡುಕಿದವರಿಗೆ ರೆಕಾರ್ಡು ಸಿಗದೇ ಹೋಗಬಹುದು. ‘ರ‍್ಯಾಂಕ್’ ಎಂಬಲ್ಲಿಯೂ ಇದೇ ಕಥೆ. ‘ಕೊ’, ‘ಕೋ’ಗಳ ಸ್ವರಚಿಹ್ನೆಯನ್ನು ಕೆಲವು ಕೀಲಿಮಣೆಗಳು ಒಂದೇ ಸಂಕೇತವಾಗಿ, ಕೆಲವು ತುಂಡುತುಂಡಾಗಿ ದಾಖಲಿಸುತ್ತವೆ, ಪರದೆಯ ಮೇಲೆ ಎರಡೂ ಒಂದೇ ರೀತಿ. ಕೋಹಾದಲ್ಲಿ ಝೀಬ್ರಾ ಸೂಚ್ಯಂಕ ಬಳಸುವವರು ಐಸಿಯು ಎಂಬ ಯೂನಿಕೋಡ್ ನೆರವಿನ ಆಯ್ಕೆಯನ್ನು ಚಾಲೂ ಮಾಡಿಸಿಕೊಂಡಿರಬೇಕು, ಇಲ್ಲವಾದರೆ ಕನ್ನಡದ ಹುಡುಕಾಟ ನಂಬುವಂತಿರುವುದಿಲ್ಲ. ಪಾಲ್ಗೊಳ್ಳುವ ಪ್ರತಿ ಗ್ರಂಥಾಲಯದಲ್ಲೂ ಮೊದಲು ಇಂಥ ಹತ್ತು ಹನ್ನೆರಡು ಪದಗಳನ್ನು ಹುಡುಕಿ ನೋಡಿ, ಸಿಗದವನ್ನು ತಾಂತ್ರಿಕ ನೆರವಿನವರಿಗೆ ಬರೆದು ಕೊಡಿ.

ಪದಗಳ ನಡುವಿನ ಜಾಗವೂ ತೊಂದರೆ ಕೊಡುತ್ತದೆ. ‘ಸಾಹಿತ್ಯ ಚರಿತ್ರೆ’ ಎಂದು ಬಿಡಿಸಿ ಅಚ್ಚಾದದ್ದನ್ನು ಕೂಡಿಸಿ ಹುಡುಕುವವರಿದ್ದಾರೆ. ಶೀರ್ಷಿಕೆ ಪುಟದಲ್ಲಿ ಹೇಗಿದೆಯೋ ಹಾಗೆ 245ರಲ್ಲಿ ಬರೆದು, ಇನ್ನೊಂದು ರೂಪವನ್ನು 246ಕ್ಕೆ ಸೇರಿಸುವುದೇ ಇದಕ್ಕೆ ಪರಿಹಾರ.

ಹಳೆಯ ಪುಸ್ತಕಗಳಲ್ಲಿ ಇಸವಿಯ ಬದಲು ಶಕವರ್ಷವೋ ಸಂವತ್ಸರದ ಹೆಸರೋ ಇರುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಆದರೆ ವರ್ಷ ಯುಗಾದಿಗೆ ಬದಲಾಗುವುದರಿಂದ ಎರಡು ಇಸವಿಗಳನ್ನೂ ಬರೆಯುವುದು ಕ್ಷೇಮ: ಶಕ 1849, ಪ್ರಭವ ಸಂವತ್ಸರ ಎಂದಿದ್ದರೆ 1927 ಅಥವಾ 1928. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆಂಬುದನ್ನು ಮರೆಯದೆ, ಮುದ್ರಣಾಲಯ, ಬೆಲೆ, ಕಾಗದ ನೋಡಿ ನಿರ್ಧರಿಸಬೇಕು. ಆಣೆ ಪೈಸೆಗಳಲ್ಲಿ ಬೆಲೆಯಿರುವ ಪ್ರಭವ ಸಂವತ್ಸರದ ಪುಸ್ತಕ 1987ರದಾಗಲಾರದು.

ಲಿಪಿ ಕನ್ನಡ, ಭಾಷೆ ಬೇರೆ

ಕನ್ನಡ ಲಿಪಿ ಕಂಡ ಕೂಡಲೇ ಭಾಷೆಯ ಸಂಕೇತವನ್ನೂ ಕನ್ನಡವೆಂದು ತುಂಬುವುದು ಈ ಭಾಗದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ವಿಷಯ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಸೋ-ಅರೇಬಿಕ್ ಎಂಬ ಐದು ಲಿಪಿಗಳಲ್ಲಿ ಬರೆಯುತ್ತ ಬಂದಿದ್ದಾರೆ. ಗೋವಾದ 1987ರ ರಾಜಭಾಷಾ ಕಾಯಿದೆ ದೇವನಾಗರಿಯ ಕೊಂಕಣಿಯನ್ನು ಅಂಗೀಕರಿಸಿತು. ಮಂಗಳೂರಿನ ಕಡೆಯ ಕೊಂಕಣಿ ಪುಸ್ತಕಗಳು ಬಹುಪಾಲು ಕನ್ನಡ ಲಿಪಿಯಲ್ಲಿವೆ. ಗೋವಾದಲ್ಲಿ ಕೊಂಕಣಿ ಬಲ್ಲವರು ಆ ಲಿಪಿಯನ್ನು ಓದಲಾರರು, ಮುಂಬಯಿಯಲ್ಲಿ ಲಿಪಿ ಓದಬಲ್ಲ ಕನ್ನಡಿಗರಿಗೆ ಭಾಷೆ ಗೊತ್ತಿಲ್ಲದಿರಬಹುದು. ಒಬ್ಬರು ಫೋನಿನಲ್ಲಿ ಗಟ್ಟಿಯಾಗಿ ಓದಿ, ಇನ್ನೊಬ್ಬರು ವಿಷಯ ಹೇಳಿದರೆ ರೆಕಾರ್ಡು ಆಗುತ್ತದೆ. ಸಹಕಾರವಿಲ್ಲದೆ ಇಂಥ ಪುಸ್ತಕ ಎರಡೂ ಕಡೆ ಅನಾಥ. ಭಾಷೆಯ ಸಂಕೇತ ಕೊಂಕಣಿಯದೇ ಇರಲಿ, 546ನೆಯ ಫೀಲ್ಡಿನಲ್ಲಿ ‘ಕೊಂಕಣಿ, ಕನ್ನಡ ಲಿಪಿ’ ಎಂದು ಬರೆಯಿರಿ.

ಮುಂಬಯಿಯ ಮಟ್ಟಿಗೆ ತುಳು ಪುಸ್ತಕಗಳದೂ ಇದೇ ಪಾಡು. ಮಾರ್ಕ್‌ನ ಭಾಷಾಪಟ್ಟಿಯಲ್ಲಿ ತುಳುವಿಗೆ ಸ್ವಂತ ಸಂಕೇತವಿಲ್ಲ, ಇತರ ದ್ರಾವಿಡ ಭಾಷೆಗಳ ಸಾಮೂಹಿಕ ಸಂಕೇತದ ಅಡಿಯಲ್ಲಿ ಅದು ಬರುತ್ತದೆ. ಆದರೆ ಐಎಸ್‌ಒ 639-3 ಎಂಬ ಅಂತರರಾಷ್ಟ್ರೀಯ ಭಾಷಾಸಂಕೇತ ಪಟ್ಟಿಯಲ್ಲಿ ತುಳುವಿಗೆ ಪ್ರತ್ಯೇಕ ಸಂಕೇತವಿದ್ದು, 041ರಲ್ಲಿ ಆಕರವನ್ನು ಸೂಚಿಸಿ ಅದನ್ನು ಬಳಸಲು ಅವಕಾಶವಿದೆ. ಅದನ್ನು ಬಳಸಿದರೆ ತುಳು ನಾಟಕ ಕೇಳಿಕೊಂಡು ಬಂದವರಿಗೆ ಕನ್ನಡ ನಾಟಕಗಳ ರಾಶಿಯನ್ನು ಕೆದಕುವ ಕೆಲಸ ತಪ್ಪುತ್ತದೆ.

ವರ್ಗೀಕರಣ, ತಾಳೆ, ರವಾನೆ

ವರ್ಗಸಂಖ್ಯೆಯ ಬಗ್ಗೆ ಹೆಚ್ಚು ಜಗಳ ಬೇಡ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಕಾದಂಬರಿ 894.8143, ಇದನ್ನು 082ರಲ್ಲಿ ಹಂಚಿಕೊಳ್ಳಬಹುದು. ಸ್ಪೈನ್ ಲೇಬಲಿನ ಮೇಲೆ ಲೇಖಕರ ಅಕ್ಷರಗಳು ಕನ್ನಡದಲ್ಲಿರಬೇಕೋ ರೋಮನ್ನಿನಲ್ಲಿರಬೇಕೋ ಎಂಬುದನ್ನು ಆಯಾ ಗ್ರಂಥಾಲಯ ತನ್ನ ಕಪಾಟಿಗೆ ತಕ್ಕಂತೆ ತೀರ್ಮಾನಿಸಲಿ. ಆ ವಿವರ ಪ್ರತಿಯ ಫೀಲ್ಡಿಗೆ ಸೇರಿದ್ದು, ಹಂಚುವ ರೆಕಾರ್ಡಿಗಲ್ಲ.

ಒಂದೇ ಪುಸ್ತಕ ಎರಡು ಗ್ರಂಥಾಲಯಗಳಲ್ಲಿದೆಯೇ ಎಂದು ತಿಳಿಯಲು ಐಎಸ್‌ಬಿಎನ್ ಎಲ್ಲ ಕಡೆ ನೆರವಾಗದು. 1980ರ ದಶಕಕ್ಕಿಂತ ಹಿಂದಿನ ಕನ್ನಡ ಪುಸ್ತಕಗಳಲ್ಲಿ ಅದು ಇರುವುದಿಲ್ಲ, ಈಚಿನವುಗಳಲ್ಲೂ ಕೆಲವೊಮ್ಮೆ ಇರುವುದಿಲ್ಲ. ಲೇಖಕರ ಅಧಿಕೃತ ಹೆಸರು, ಶೀರ್ಷಿಕೆಯ ಮೊದಲೆರಡು ಪದ, ಪ್ರಕಾಶಕರು, ವರ್ಷ, ಪುಟಸಂಖ್ಯೆ ಇವೈದನ್ನು ಒಂದು ಹಾಳೆಯಲ್ಲಿ ಸಾಲಾಗಿ ಇಟ್ಟು ವಿಂಗಡಿಸಿದರೆ ಜೋಡಿಗಳು ಕಣ್ಣಿಗೆ ಬೀಳುತ್ತವೆ. ಮರುಮುದ್ರಣವನ್ನು ಹೊಸ ಆವೃತ್ತಿಯೆಂದು ಅಚ್ಚು ಹಾಕುವ ಚಾಳಿ ನಮ್ಮ ಪ್ರಕಾಶನಗಳಲ್ಲಿ ಇರುವುದರಿಂದ ಪುಟಸಂಖ್ಯೆ ಒಂದೇ ಇದ್ದು ‘ಎರಡನೆಯ ಆವೃತ್ತಿ’ ಎಂದಿದ್ದರೆ ಪಠ್ಯ ಬದಲಾಗಿದೆಯೇ ಎಂದು ನೋಡಿ ನಂಬಿ.

ಬಂದ ರೆಕಾರ್ಡುಗಳಲ್ಲಿ ಹತ್ತಕ್ಕೊಂದನ್ನು ಪುಸ್ತಕದೊಡನೆ ಇಟ್ಟು ತಾಳೆ ನೋಡುವುದು ಪಡೆದ ಗ್ರಂಥಾಲಯದ ಕೆಲಸ. ತಿದ್ದುಪಡಿ ಬೇಕೆನಿಸಿದರೆ ತಮ್ಮಲ್ಲೇ ತಿದ್ದಿ ಸುಮ್ಮನಾಗದೆ ರೆಕಾರ್ಡು ಮಾಡಿದವರಿಗೆ ತಿಳಿಸಬೇಕು, ಅವರು ತಿದ್ದಿ ಎಲ್ಲರಿಗೂ ಕಳಿಸಬೇಕು. 040ನೆಯ ಫೀಲ್ಡಿನಲ್ಲಿ ಮಾಡಿದವರ, ತಿದ್ದಿದವರ ಸಂಕೇತಗಳೆರಡೂ ಇದ್ದರೆ ಯಾರನ್ನು ಕೇಳಬೇಕೆಂಬುದು ಹತ್ತು ವರ್ಷದ ನಂತರವೂ ತಿಳಿಯುತ್ತದೆ. ಸಿಬ್ಬಂದಿ ನಿವೃತ್ತರಾದಾಗ ಅವರ ತಲೆಯಲ್ಲಿದ್ದ ತೀರ್ಮಾನಗಳೂ ಹೊರಟುಹೋಗದಂತೆ, ಹೆಸರುಗಳ ಪಟ್ಟಿಯನ್ನೂ ಒಪ್ಪಿಕೊಂಡ ರೂಢಿಗಳನ್ನೂ ಎಲ್ಲರೂ ತೆರೆಯಬಹುದಾದ ಒಂದೇ ಹಂಚಿಕೆಯ ಕಡತದಲ್ಲಿ ದಿನಾಂಕದೊಡನೆ ಬರೆದಿಡಬೇಕು. ರೆಕಾರ್ಡು ಮಾಡಿಕೊಟ್ಟವರ ಹೆಸರು ಅವರ ಗ್ರಂಥಾಲಯದ ವಾರ್ಷಿಕ ವರದಿಯಲ್ಲಿ ಬರಲಿ. ತಮ್ಮದಲ್ಲದ ಪುಸ್ತಕಕ್ಕೆ ದುಡಿದವರಿಗೆ ಸಿಗುವ ಮನ್ನಣೆ ಅಷ್ಟೇ.

ರೆಕಾರ್ಡುಗಳನ್ನು ತಿಂಗಳಿಗೊಮ್ಮೆ ಐಎಸ್‌ಒ 2709 ಎಂಬ ವಿನಿಮಯ ರೂಪದಲ್ಲಿ ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದೊಡನೆ ಹೊರತೆಗೆದು ಪಾಲುದಾರರಿಗೆ ಕಳಿಸಬೇಕು, ಇಂಡ್‌ಕ್ಯಾಟ್‌ಗೂ ಒಪ್ಪಿಸಬೇಕು. ಕಳಿಸುವ ಮುನ್ನ ಪ್ರತಿ ರೆಕಾರ್ಡಿನ 035ರಲ್ಲಿ ಅದನ್ನು ಮಾಡಿದ ಗ್ರಂಥಾಲಯದ ಸಂಖ್ಯೆ ಇದೆಯೇ ಎಂದು ಪರೀಕ್ಷಿಸಿ. ಆ ಸಂಖ್ಯೆ ಉಳಿದಿದ್ದರೆ ಮುಂದೆ ತಿದ್ದಿ ಕಳಿಸಿದ ರೆಕಾರ್ಡು ಹಳೆಯದರ ಜಾಗದಲ್ಲಿ ಕೂರುತ್ತದೆ, ಇಲ್ಲದಿದ್ದರೆ ಅದರ ಪಕ್ಕದಲ್ಲಿ ಎರಡನೆಯದಾಗಿ ನಿಲ್ಲುತ್ತದೆ.